ತೊಗರಿಯ ಕುಡಿ ಯಾವಾಗ ಚಿವುಟಬೇಕು, ಎಷ್ಟು ಚಿವುಟಬೇಕು

ಕಡಲೆ ಹೊಲಕ್ಕೆ ಹೋದರೆ ಅವ್ವ ಬರಿಗೈಯಲ್ಲಿ ಬರುತ್ತಿರಲಿಲ್ಲ. ಉಡಿ ತುಂಬ ಎಳೆ ಕುಡಿ ಚಿವುಟಿಕೊಂಡು ಬರುತ್ತಿದ್ದಳು. ಅವತ್ತು ರಾತ್ರಿ ಬಿಸಿ ಜೋಳದ ರೊಟ್ಟಿ, ಹುಳಿ ಹುಳಿ ಕಡಲೆ ಪಲ್ಯ. ಉಳಿದದ್ದನ್ನು ನೆರಳಲ್ಲಿ ಒಣಗಿಸಿ ಬೇಸಿಗೆಗೆ ಇಟ್ಟುಕೊಳ್ಳುತ್ತಿದ್ದಳು. ಚಿವುಟಿದ ಗಿಡ ನಾಲ್ಕು ದಿನ ಬೋಳು ಬೋಳಾಗಿ ಕಾಣುತ್ತಿತ್ತು. ಎರಡು ವಾರ ಬಿಟ್ಟು ನೋಡಿದರೆ ಅದೇ ಗಿಡ ಬುಟ್ಟಿಯ ಹಾಗೆ ಅಗಲವಾಗಿ ಹರಡಿರುತ್ತಿತ್ತು. ಕಲಬುರಗಿ ಸೀಮೆಯ ಹೆಣ್ಣುಮಕ್ಕಳಿಗೆ ಇದು ತಲೆಮಾರುಗಳಿಂದ ಗೊತ್ತಿರುವ ವಿಷಯ. ಆದರೆ ಅದೇ ಕೆಲಸವನ್ನು ತೊಗರಿಗೆ ಮಾಡಿ ಅಂದರೆ ನಾವು ಹಿಂದೆ ಮುಂದೆ ನೋಡುತ್ತೇವೆ. ನಾನು ಮೊದಲ ಸಲ ಚಿವುಟಲು ನಿಂತಾಗ ಬದುವಿನ ಮೇಲೆ ನಿಂತಿದ್ದ ಕಾಕಾ, "ಯಾಕಪ್ಪಾ, ಬೆಳಿಯೋ ಗಿಡದ ತೆಲಿ ಮುರೀತಿ?" ಅಂತ ಕೇಳಿದರು. ಅವರ ಪ್ರಶ್ನೆಯಲ್ಲಿ ಸಂಕಟ ಇತ್ತು. ಅದಕ್ಕೆ ಸರಿಯಾದ ಉತ್ತರ ಕೊಡಬೇಕು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ನನ್ನ ಅನುಭವದಲ್ಲಿ ಕುಡಿ ಚಿವುಟುವುದು ಕಷ್ಟದ ಕೆಲಸ ಅಲ್ಲ. ದಿನ ತಪ್ಪುವುದೇ ಕಷ್ಟ ತರುತ್ತದೆ. ಅದಕ್ಕೇ ಈ ಲೇಖನದಲ್ಲಿ ದಿನದ ಲೆಕ್ಕಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ.

ತಲೆ ಮುರಿದರೆ ಪಕ್ಕ ಯಾಕೆ ಒಡೆಯುತ್ತದೆ

ಒಂದು ತೊಗರಿ ಗಿಡ ಹತ್ತಿರದಿಂದ ನೋಡಿ. ಎಲೆಯ ತೊಟ್ಟು ಕಾಂಡಕ್ಕೆ ಸೇರುವ ಪ್ರತಿ ಸಂದಿಯಲ್ಲೂ ಸಾಸಿವೆಯಷ್ಟು ಚಿಕ್ಕ ಮೊಳಕೆ ಇರುತ್ತದೆ. ಅದು ಸತ್ತಿಲ್ಲ, ಮಲಗಿದೆ. ಗಿಡದ ತುದಿಯ ಕುಡಿ ಆಕ್ಸಿನ್ ಅನ್ನುವ ಚೋದಕವನ್ನು ಉಂಟುಮಾಡಿ ಕೆಳಗೆ ಕಳಿಸುತ್ತಾ ಇರುತ್ತದೆ. ಅದು ಇಳಿಯುತ್ತಿರುವಷ್ಟು ದಿನ ಪಕ್ಕದ ಮೊಳಕೆಗಳು ಏಳುವುದಿಲ್ಲ. ಜೊತೆಗೆ ಗಿಡ ತಯಾರಿಸಿದ ಸಕ್ಕರೆಯ ದೊಡ್ಡ ಪಾಲನ್ನೂ ತುದಿಯೇ ಎಳೆದುಕೊಳ್ಳುತ್ತದೆ. ತುದಿ ಹೋಯಿತು ಅಂದರೆ ತಡೆಯೂ ಹೋಯಿತು, ಊಟವೂ ಪಕ್ಕಕ್ಕೆ ತಿರುಗಿತು. ಒಂದು ವಾರದಿಂದ ಹತ್ತು ದಿನದೊಳಗೆ ಕೆಳಗಿನ ಮೂರು ನಾಲ್ಕು ಸಂದಿಗಳಲ್ಲಿ ಹಸಿರು ಕಾಣುತ್ತದೆ. ಅವೇ ಮುಂದೆ ರೆಂಬೆ ಆಗುತ್ತವೆ.

ತೊಗರಿಯಲ್ಲಿ ಹೂವು ಬಿಡುವುದು ರೆಂಬೆಗಳ ತುದಿಯ ಕಡೆಗೆ. ರೆಂಬೆ ಹೆಚ್ಚಾದರೆ ಹೂಗೊಂಚಲು ಕೂರುವ ಜಾಗವೂ ಹೆಚ್ಚಾಗುತ್ತದೆ. ಇನ್ನೊಂದು ಲಾಭವೂ ಇದೆ. ಎರಿ ಹೊಲದಲ್ಲಿ, ಅಂದರೆ ಕಪ್ಪು ಮಣ್ಣಿನ ಹೊಲದಲ್ಲಿ, ಮಳೆ ಚೆನ್ನಾಗಿ ಆದ ವರ್ಷ ಗಿಡ ಆಳೆತ್ತರ ಮೀರಿ ಹೋಗುತ್ತದೆ. ಔಷಧಿ ಹೊಡೆಯುವವರ ಮುಖದ ಮೇಲೇ ಹನಿ ಬೀಳುತ್ತದೆ. ಚಿವುಟಿದ ಗಿಡ ಗಿಡ್ಡವಾಗಿ, ಗಟ್ಟಿಯಾಗಿ ನಿಲ್ಲುತ್ತದೆ. ಗಾಳಿಗೆ ಬೀಳುವುದೂ ಕಡಿಮೆ.

ಮೊದಲ ಹೆಜ್ಜೆ ಬಿತ್ತನೆಯ ದಿನವೇ

ಇದನ್ನು ಬಹಳ ಜನ ಮರೆಯುತ್ತಾರೆ. ರೆಂಬೆ ಒಡೆಯಬೇಕಾದರೆ ಅದಕ್ಕೆ ಚಾಚಿಕೊಳ್ಳಲು ಜಾಗ ಬೇಕಲ್ವಾ? ಕೂರಿಗೆಯಲ್ಲಿ ಒತ್ತೊತ್ತಾಗಿ ಬಿತ್ತಿ, ಆಮೇಲೆ ಚಿವುಟಿದರೆ ರೆಂಬೆಗಳು ಒಂದಕ್ಕೊಂದು ತಾಗಿ ನೆರಳಲ್ಲಿ ಸೊರಗುತ್ತವೆ.

ಲೆಕ್ಕ ಸುಲಭ. ಒಂದು ಎಕರೆ ಅಂದರೆ 43,560 ಚದರ ಅಡಿ. ಸಾಲಿನಿಂದ ಸಾಲಿಗೆ 3 ಅಡಿ, ಗಿಡದಿಂದ ಗಿಡಕ್ಕೆ 8 ಇಂಚು ಬಿಟ್ಟರೆ ಸುಮಾರು 21,800 ಗಿಡ. 4 ಅಡಿ ಸಾಲು, 1 ಅಡಿ ಗಿಡ ಅಂದರೆ ಸುಮಾರು 10,900. ಬೀದರ್ ಜಿಲ್ಲೆಯಲ್ಲಿ ಪಾಲಿಥಿನ್ ಚೀಲದಲ್ಲಿ ಸಸಿ ಮಾಡಿ ನಾಟಿ ಮಾಡುವವರು 5 ಅಡಿಗೆ 3 ಅಡಿ ಬಿಟ್ಟರೆ ಎಕರೆಗೆ 2,900 ಗಿಡ ಮಾತ್ರ. ಅಷ್ಟು ಕಡಿಮೆ ಗಿಡ ಇಟ್ಟವರಿಗೆ ಚಿವುಟುವುದು ಕಡ್ಡಾಯ. ಒಂದೊಂದು ಗಿಡವೂ ಪೊದೆ ಆಗದಿದ್ದರೆ ಹೊಲ ಖಾಲಿ ಬಿದ್ದ ಹಾಗೆ. 3 ಅಡಿ ಸಾಲಿನವರು ಒಂದು ಸಲ ಚಿವುಟಿದರೆ ಸಾಕು. ಎರಡೂವರೆ ಅಡಿಗಿಂತ ಒತ್ತಾಗಿ ಬಿತ್ತಿದ್ದರೆ ಈ ವರ್ಷ ಬಿಟ್ಟುಬಿಡಿ, ಮುಂದಿನ ವರ್ಷ ಸಾಲು ಅಗಲಿಸಿ.

ಸಾಲಿನ ನಡುವೆ ಹೆಸರು ಅಥವಾ ಉದ್ದು ಹಾಕುವವರು ಧೈರ್ಯವಾಗಿ ಹಾಕಬಹುದು. ಹೆಸರು ಎರಡು ತಿಂಗಳು ಚಿಲ್ಲರೆ ದಿನಕ್ಕೆ ಕಟಾವಿಗೆ ಬರುತ್ತದೆ. ಅದನ್ನು ಕಿತ್ತ ಮೇಲೆ ಸಿಗುವ ಜಾಗಕ್ಕೆ ತೊಗರಿಯ ಹೊಸ ರೆಂಬೆಗಳು ಸರಿಯಾಗಿ ಬಂದು ತುಂಬುತ್ತವೆ.

ದಿನದ ಲೆಕ್ಕ

ಬಿತ್ತಿದ ದಿನವನ್ನು ಗೋಡೆಯ ಕ್ಯಾಲೆಂಡರ್ ಮೇಲೆ ಗುರುತು ಹಾಕಿ. ಅಲ್ಲಿಂದ 45ರಿಂದ 50 ದಿನಕ್ಕೆ ಮೊದಲ ಚಿವುಟು. ಆರಿದ್ರಾ ಮಳೆಗೆ, ಅಂದರೆ ಜೂನ್ 25ರ ಸುಮಾರಿಗೆ ಬಿತ್ತಿದ್ದರೆ ಆಗಸ್ಟ್ 9ರಿಂದ 14. ಬಹುತೇಕ ವರ್ಷ ಅದು ಶ್ರಾವಣದ ಹೊತ್ತು. ಅಧಿಕ ಮಾಸ ಬಂದ ವರ್ಷ ಹಬ್ಬ ಹಿಂದೆ ಮುಂದೆ ಆಗುತ್ತದೆ, ಆದ್ದರಿಂದ ಹಬ್ಬ ನೋಡದೆ ದಿನ ಎಣಿಸಿ.

ದಿನದ ಜೊತೆ ಗಿಡವನ್ನೂ ನೋಡಬೇಕು. ಗಿಡ ಎರಡರಿಂದ ಎರಡೂವರೆ ಅಡಿ ಇರಬೇಕು. ಮೊಣಕಾಲು ದಾಟಿ ತೊಡೆಗೆ ಬಂದಿರಬೇಕು ಅಂತ ಇಟ್ಟುಕೊಳ್ಳಿ. ಮಳೆ ಕೈಕೊಟ್ಟು 50 ದಿನವಾದರೂ ಗಿಡ ಒಂದೂವರೆ ಅಡಿಯಲ್ಲೇ ನಿಂತಿದ್ದರೆ ಕಾಯಿರಿ. ಒಂದು ಒಳ್ಳೆ ಮಳೆ ಬೀಳಲಿ, ಎಲೆ ಹಸಿರಾಗಲಿ, ಆಮೇಲೆ ಕೈ ಹಾಕಿ. ಬಾಡಿದ ಗಿಡದ ಕುಡಿ ತೆಗೆದರೆ ಅದಕ್ಕೆ ಹೊಸ ರೆಂಬೆ ಕಟ್ಟುವ ಶಕ್ತಿಯೇ ಇರುವುದಿಲ್ಲ.

ಎರಡನೇ ಸಲ ಚಿವುಟುವುದಾದರೆ ಮೊದಲನೆಯದಾದ 15ರಿಂದ 20 ದಿನಕ್ಕೆ. ಆಗ ಹೊಸ ರೆಂಬೆಗಳು ಒಂದು ಗೇಣು ಬೆಳೆದಿರುತ್ತವೆ. ಅವುಗಳ ತುದಿಯನ್ನೂ ತೆಗೆಯಬೇಕು. ಆದರೆ ಒಂದು ಗೆರೆ ಎಳೆದುಕೊಳ್ಳಿ: ಬಿತ್ತಿ 65 ದಿನ ದಾಟಿದ ಮೇಲೆ ಕೈ ಹಾಕಬಾರದು. ಅವಸರದ ತಳಿಗೆ ಇದು ಇನ್ನೂ ಮುಖ್ಯ. ಟಿಎಸ್-3ಆರ್ ಸುಮಾರು 150 ದಿನದ ತಳಿ. ಅದಕ್ಕೆ ನಾನು ಒಂದೇ ಸಲ ಚಿವುಟುತ್ತೇನೆ. ಬೀದರ್ ಕಡೆ ಹೆಚ್ಚು ಬೆಳೆಯುವ ಬಿಎಸ್‌ಎಂಆರ್-736 ತಡವಾಗಿ ಬರುವ, ಎತ್ತರ ಹೋಗುವ ತಳಿ. ಅದಕ್ಕೆ ಎರಡು ಸಲ ಚಿವುಟಲು ಸಮಯ ಇರುತ್ತದೆ.

ಯಾಕೆ ಇಷ್ಟು ಕಟ್ಟುನಿಟ್ಟು ಅಂದರೆ, ತೊಗರಿ ಹೂವು ಬಿಡುವುದು ಹಗಲು ಕಿರಿದಾಗುವುದನ್ನು ನೋಡಿ. ಸೆಪ್ಟೆಂಬರ್ ದಾಟಿ ರಾತ್ರಿ ಉದ್ದವಾಗುತ್ತಿದ್ದ ಹಾಗೆ ಗಿಡ ಬೆಳೆಯುವುದನ್ನು ಬಿಟ್ಟು ಮೊಗ್ಗು ಕಟ್ಟಲು ತಿರುಗುತ್ತದೆ. ಅಷ್ಟರಲ್ಲಿ ರೆಂಬೆಗೆ ಕನಿಷ್ಠ ಒಂದು ತಿಂಗಳ ವಯಸ್ಸು ಆಗಿರಬೇಕು. ಇದೇ ಕಾರಣಕ್ಕೆ ಆಗಸ್ಟ್‌ನಲ್ಲಿ ತಡವಾಗಿ ಬಿತ್ತಿದ ತೊಗರಿಯನ್ನು ಚಿವುಟಲೇಬಾರದು. ಆ ಗಿಡಕ್ಕೆ ಬೆಳೆಯಲು ಸಿಗುವ ದಿನಗಳೇ ಕಡಿಮೆ. ಸಾಲು ಹತ್ತಿರ ಬಿತ್ತುವುದೇ ಅದಕ್ಕೆ ದಾರಿ.

ಈ ಗೆರೆಯ ಬೆಲೆ ನಾನು ಕೊಟ್ಟು ಕಲಿತಿದ್ದೇನೆ. ಒಂದು ವರ್ಷ ಆಳು ಸಿಗಲಿಲ್ಲ, ಸುಮ್ನೆ ದಿನ ತಳ್ಳಿದೆ. 85 ದಿನವಾಗಿತ್ತು. ಗಿಡ ದೊಡ್ಡದಿದೆ, ತೆಗೆದರೆ ಏನಾಗುತ್ತದೆ ಅಂತ ಎರಡು ಎಕರೆ ಚಿವುಟಿಸಿಬಿಟ್ಟೆ. ಕೆಳಗೆ ಬಿದ್ದ ಕುಡಿಗಳಲ್ಲಿ ಸಣ್ಣ ಮೊಗ್ಗು ಆಗಲೇ ಕೂತಿತ್ತು. ಸಂಜೆ ಅದನ್ನು ಕೈಯಲ್ಲಿ ಹಿಡಿದು ನೋಡಿದಾಗ ಹೊಟ್ಟೆಯಲ್ಲಿ ಕಸಿವಿಸಿ ಆಯಿತು. ಗಿಡ ಮತ್ತೆ ರೆಂಬೆ ಒಡೆಯಿತು, ನಿಜ. ಆದರೆ ಹೂವು ಮೂರು ವಾರ ತಡವಾಯಿತು. ಡಿಸೆಂಬರ್‌ನ ಮಂಜು ಸರಿಯಾಗಿ ಹೂವಿನ ಮೇಲೆ ಬಿತ್ತು. ಹೊಲದ ಹಸಿಯೂ ಆರಿಹೋಗಿತ್ತು. ಪಕ್ಕದ, ಚಿವುಟದೆ ಬಿಟ್ಟ ಹೊಲವೇ ನನ್ನದಕ್ಕಿಂತ ಚೆನ್ನಾಗಿ ಬಂತು. ಆದ್ದರಿಂದ ದಿನ ತಪ್ಪಿದರೆ ಚಿವುಟದೇ ಇರುವುದೇ ಲೇಸು.

ಕೈಯಿಂದ ಚಿವುಟುವ ರೀತಿ

ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಶುರು ಮಾಡಿ. ಎಲೆ ಒದ್ದೆ ಇರುವಾಗ, ಮಳೆ ಹನಿಯುವಾಗ ಬೇಡ. ಹಸಿ ಗಾಯದ ಮೇಲೆ ನೀರು ನಿಂತರೆ ಕೊಳೆ ಹತ್ತಬಹುದು. ಮೋಡ ಕವಿದಿದ್ದರೂ ಒಣಗಿರುವ ದಿನ ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ.

ಗಿಡದ ನಡುಕಾಂಡವನ್ನು ಎಡಗೈಯಲ್ಲಿ ಹಿಡಿಯಿರಿ. ತುದಿಯಿಂದ ಎರಡು ಮೂರು ಇಂಚು ಕೆಳಗೆ, ಒಂದು ಎಲೆಸಂದಿಯ ಸ್ವಲ್ಪ ಮೇಲೆ, ಬಲಗೈ ಹೆಬ್ಬೆರಳು ಮತ್ತು ತೋರುಬೆರಳಿನಿಂದ ಪಕ್ಕಕ್ಕೆ ಬಾಗಿಸಿ. ಸರಿಯಾದ ಜಾಗ ಆಗಿದ್ದರೆ ಬೆಂಡೆಕಾಯಿಯ ತುದಿ ಮುರಿದ ಹಾಗೆ ಪಟ್ ಅಂತ ಮುರಿಯುತ್ತದೆ. ನಾರು ಎಳೆದುಕೊಂಡು ಬಂದರೆ ನೀವು ಕೆಳಗೆ ಇಳಿದಿದ್ದೀರಿ ಅಂತ ಅರ್ಥ. ಸ್ವಲ್ಪ ಮೇಲೆ ಹೋಗಿ. ಅರ್ಧ ಅಡಿ, ಮುಕ್ಕಾಲು ಅಡಿ ತೆಗೆಯುವವರನ್ನು ನೋಡಿದ್ದೇನೆ. ಅದು ಚಿವುಟಿದ ಹಾಗಲ್ಲ, ಕಡಿದ ಹಾಗೆ. ಅಷ್ಟು ಎಲೆ ಕಳೆದುಕೊಂಡ ಗಿಡ ಚೇತರಿಸಿಕೊಳ್ಳಲು ವಾರಗಟ್ಟಲೆ ಬೇಕು.

ಎಲ್ಲ ಗಿಡಕ್ಕೂ ಒಂದೇ ಅಳತೆ ಹಿಡಿಯಬೇಡಿ. ಸಾಲಿನಲ್ಲಿ ಹಿಂದೆ ಬಿದ್ದ, ಮೊಣಕಾಲಿಗೂ ಬರದ ಗಿಡ ಇರುತ್ತವೆ. ಅವನ್ನು ಬಿಟ್ಟು ಮುಂದೆ ಹೋಗಿ. ಎಲೆ ಚಿಕ್ಕದಾಗಿ ಸುರುಟಿ, ತಿಳಿಹಸಿರು ಮಚ್ಚೆ ಬಿದ್ದು, ಪೊದೆಯ ಹಾಗೆ ಕಾಣುವ ಗಿಡ ಸಿಕ್ಕರೆ ಅದು ಗೊಡ್ಡು ರೋಗದ ಗಿಡ. ಕಣ್ಣಿಗೆ ಕಾಣದಷ್ಟು ಸಣ್ಣ ನುಸಿ ಅದನ್ನು ಹರಡುತ್ತದೆ. ಆ ಗಿಡದಲ್ಲಿ ರೆಂಬೆ ಎಷ್ಟು ಒಡೆದರೂ ಹೂವು ಆಗುವುದಿಲ್ಲ. ಬೇರು ಸಮೇತ ಕಿತ್ತು ಹೊಲದಿಂದ ಹೊರಗೆ ಹಾಕಿ.

ಕುಡಿಯ ಎಲೆಗಳು ಒಂದಕ್ಕೊಂದು ಅಂಟಿ ಸುರುಳಿ ಸುತ್ತಿಕೊಂಡಿದ್ದರೆ ಒಳಗೆ ಸಣ್ಣ ಹುಳು ಇರುತ್ತದೆ. ಅಂಥ ಕುಡಿಯನ್ನು ಹೊಲದಲ್ಲಿ ಬೀಳಿಸಬೇಡಿ. ಚೀಲದಲ್ಲಿ ಹಾಕಿಕೊಂಡು ಬನ್ನಿ. ಚಿವುಟುವುದರಿಂದ ಈ ಹುಳುವಿನ ಕಾಟ ಔಷಧಿ ಇಲ್ಲದೆಯೇ ಅರ್ಧ ಕಡಿಮೆಯಾದದ್ದನ್ನು ನಮ್ಮ ಹೊಲದಲ್ಲಿ ಕಂಡಿದ್ದೇನೆ. ಉಳಿದ ಒಳ್ಳೆಯ ಕುಡಿಗಳನ್ನು ಮೇಕೆಗಳು ಬಲು ಇಷ್ಟಪಟ್ಟು ತಿನ್ನುತ್ತವೆ. ಈಚೆಗೆ ಔಷಧಿ ಹೊಡೆದಿದ್ದರೆ ಮಾತ್ರ ಮೇಕೆಗೆ ಹಾಕಬೇಡಿ.

ಕೆಲಸಕ್ಕೆ ಬರುವ ಯಕ್ಕಂದಿರಿಗೆ ಮೊದಲ ಹತ್ತು ನಿಮಿಷ ಒಂದೇ ಸಾಲಿನಲ್ಲಿ ತೋರಿಸಿಕೊಡಿ. ಕಡಲೆ ಪಲ್ಯಕ್ಕೆ ಚಿವುಟಿದ ಕೈ ಅವರದು. ಗಂಡಸರಿಗಿಂತ ಚುರುಕಾಗಿ, ಒಂದೇ ಅಳತೆಗೆ ಚಿವುಟುತ್ತಾರೆ. ತುಂಬು ತೋಳಿನ ಅಂಗಿ ಕೊಡಿ. ದಿನವಿಡೀ ಚಿವುಟಿದರೆ ಉಗುರಿನ ಸಂದಿಗೆ ಕಪ್ಪು ರಸ ಹತ್ತಿ ಉರಿಯುತ್ತದೆ. ಬೆರಳಿಗೆ ಹಳೆಯ ಬಟ್ಟೆಯ ಪಟ್ಟಿ ಸುತ್ತಿಕೊಳ್ಳುವುದು ಅವರೇ ಕಂಡುಕೊಂಡ ಉಪಾಯ. ನಮ್ಮಲ್ಲಿ 4 ಅಡಿ ಸಾಲಿನ ಎಕರೆಗೆ ಎರಡು ಮೂರು ಆಳು ಹಿಡಿಯುತ್ತದೆ.

ಯಂತ್ರದಿಂದ ಮಾಡುವುದಾದರೆ

ಈಗ ಬ್ಯಾಟರಿಯಿಂದ ಓಡುವ ಕುಡಿ ಚಿವುಟುವ ಯಂತ್ರ ಬಂದಿದೆ. ಕೋಲಿನ ತುದಿಗೆ ಸಣ್ಣ ಮೋಟರು, ಅದಕ್ಕೆ ತಿರುಗುವ ಬ್ಲೇಡು. ಬೆನ್ನಿಗೆ ಹಾಕುವ ಔಷಧಿ ಪಂಪಿನ ಬ್ಯಾಟರಿಗೇ ಜೋಡಿಸುವ ತರದವೂ ಇವೆ. ಒಬ್ಬನೇ ಅರ್ಧ ದಿನದೊಳಗೆ ಒಂದು ಎಕರೆ ಮುಗಿಸಬಹುದು. ಹತ್ತು ಎಕರೆ ಇರುವವರಿಗೆ ದಿನ ತಪ್ಪದಿರಲು ಇದೇ ದಾರಿ. ಊರಲ್ಲಿ ನಾಲ್ಕು ಮಂದಿ ಸೇರಿ ಒಂದು ಕೊಂಡರೂ ಸಾಕು.

ಆದರೆ ಯಂತ್ರಕ್ಕೆ ಕಣ್ಣಿಲ್ಲ. ಗಿಡ್ಡ ಗಿಡ, ಎತ್ತರದ ಗಿಡ ಅದಕ್ಕೆ ಗೊತ್ತಾಗದು. ಬ್ಲೇಡಿನ ಎತ್ತರವನ್ನು ಸಾಲಿನ ಸಾಮಾನ್ಯ ಗಿಡಕ್ಕೆ ಹೊಂದಿಸಿ, ಹಿಂದೆ ಬಿದ್ದ ಗಿಡಗಳ ಮೇಲಿಂದ ಹಾಯಿಸಿಕೊಂಡು ಹೋಗಿ. ಬ್ಲೇಡು ಹರಿತ ಇರಲೇಬೇಕು. ಮೊಂಡಾದರೆ ಕಾಂಡ ಜಜ್ಜಿ ಸಿಗಿಯುತ್ತದೆ, ಆ ತುದಿ ಕಪ್ಪಾಗಿ ಒಣಗುತ್ತಾ ಕೆಳಗೆ ಇಳಿಯುತ್ತದೆ. ಕಣ್ಣಿಗೆ ಕನ್ನಡಕ, ಕಾಲಿಗೆ ಬೂಟು ಇಲ್ಲದೆ ಹಿಡಿಯಬೇಡಿ. ಮಕ್ಕಳನ್ನು ದೂರ ಇಡಿ. ಕುಡುಗೋಲು ಬೀಸಿಕೊಂಡು ಹೋಗುವವರೂ ಇದ್ದಾರೆ. ನನಗೆ ಅದು ಸರಿ ಅನಿಸಿಲ್ಲ, ಕಾಂಡದಲ್ಲಿ ನಾರು ಎದ್ದು ನಿಲ್ಲುತ್ತದೆ.

ನಾಟಿ ತೊಗರಿಯ ಲೆಕ್ಕ ಬೇರೆ

ಮೇ ತಿಂಗಳಲ್ಲಿ ಚೀಲದಲ್ಲಿ ಬೀಜ ಹಾಕಿ, ಜೂನ್ ಮಳೆಗೆ ಹೊಲಕ್ಕೆ ನೆಡುವ ಸಸಿಗೆ ದಿನವನ್ನು ನಾಟಿಯಿಂದ ಎಣಿಸಬೇಕು. ನೆಟ್ಟು 20ರಿಂದ 30 ದಿನಕ್ಕೆ, ಹೊಸ ಎಲೆ ಬಿಟ್ಟು ಬೇರು ಹಿಡಿದಿದೆ ಅಂತ ಖಾತ್ರಿಯಾದ ಮೇಲೆ ಮೊದಲ ಚಿವುಟು. ಸಸಿ ಇನ್ನೂ ಸೋತು ನಿಂತಿದ್ದರೆ ತಡೆಯಿರಿ. ಈ ಗಿಡಗಳಿಗೆ ಜಾಗ ಜಾಸ್ತಿ, ಸಮಯವೂ ಜಾಸ್ತಿ. ಆದ್ದರಿಂದ ಮೂರು ವಾರದ ಅಂತರದಲ್ಲಿ ಎರಡನೇ ಸಲ ರೆಂಬೆಗಳ ತುದಿ ತೆಗೆಯಿರಿ. ಆಗಸ್ಟ್ ಕೊನೆಗೆ ನಿಲ್ಲಿಸಿ.

ಇಂಥ ಗಿಡಕ್ಕೆ ತಲೆಭಾರ ಬರುತ್ತದೆ. ಎರಡನೇ ಚಿವುಟಿನ ಹೊತ್ತಿಗೆ ಎಡೆ ಹೊಡೆದು (ಸಾಲಿನ ನಡುವೆ ಕುಂಟೆ ಹಾಯಿಸಿ) ಬುಡಕ್ಕೆ ಮಣ್ಣು ಏರಿಸಿ. ಉತ್ತರಿ, ಹಸ್ತ ಮಳೆಯ ಗಾಳಿಗೆ ಬುಡ ಸಡಿಲವಾಗಿ ಗಿಡ ವಾಲುವುದು ಆಗ ತಪ್ಪುತ್ತದೆ.

ಚಿವುಟಿದ ಮೇಲೆ

ಮೊದಲ ವಾರ ಹೊಲ ನೋಡಿದರೆ ಬೇಸರ ಆಗುತ್ತದೆ. ಸಾಲೆಲ್ಲ ಮೊಟುಕಾಗಿ ಕಾಣುತ್ತದೆ. ಗಾಬರಿಯಾಗಿ ಯೂರಿಯಾ ಚೆಲ್ಲಬೇಡಿ. ತೊಗರಿ ಬೇರಿನ ಗಂಟುಗಳಲ್ಲಿ ತನ್ನ ಸಾರಜನಕವನ್ನು ತಾನೇ ಮಾಡಿಕೊಳ್ಳುತ್ತದೆ. ಯೂರಿಯಾ ಹಾಕಿದರೆ ಎಲೆ ಹೆಚ್ಚುತ್ತದೆ, ಕಾಯಿ ಹೆಚ್ಚುವುದಿಲ್ಲ. ಬೇಕಿರುವುದು ಬೇರಿಗೆ ಗಾಳಿ. ಒಂದು ಸಲ ಎಡೆ ಹೊಡೆಯಿರಿ. ಎರಿ ನೆಲದಲ್ಲಿ ನೀರು ನಿಂತಿದ್ದರೆ ಬಸಿಗಾಲುವೆ ತೆಗೆದು ಹೊರಗೆ ಬಿಡಿ. ನೀರು ನಿಂತ ಹೊಲದಲ್ಲಿ ಬೇರು ಸೋಲುತ್ತದೆ, ಗಿಡ ಬಾಡಿ ಒಣಗಿಹೋಗುವ ನೆಟೆ ರೋಗವೂ ಅಲ್ಲೇ ಜೋರಾಗುತ್ತದೆ. 2022ರ ಹಂಗಾಮಿನಲ್ಲಿ ನಮ್ಮ ಜಿಲ್ಲೆಯ ರೈತರು ನೆಟೆ ರೋಗಕ್ಕೆ ಎಷ್ಟು ಕಳೆದುಕೊಂಡರು ಅನ್ನುವುದನ್ನು ಯಾರೂ ಮರೆತಿಲ್ಲ. ಚಿವುಟುವುದು ಆ ರೋಗಕ್ಕೆ ಮದ್ದಲ್ಲ. ಅದಕ್ಕೆ ರೋಗ ತಡೆಯುವ ತಳಿ, ಬಿತ್ತುವ ಮುಂಚೆ ಟ್ರೈಕೋಡರ್ಮಾ ಅನ್ನುವ ಉಪಕಾರಿ ಶಿಲೀಂಧ್ರದಿಂದ ಬೀಜೋಪಚಾರ, ಬೆಳೆ ಬದಲಿಸುವುದು ಬೇಕು. ನೆಟೆ ಕಾಣಿಸಿದ ಹೊಲದಲ್ಲಿ ಚಿವುಟಲು ಹೋಗಬೇಡಿ, ಗಿಡಕ್ಕೆ ಆಗಲೇ ಕಷ್ಟ ಇದೆ.

ರೆಂಬೆ ಜಾಸ್ತಿ ಆದ ಗಿಡಕ್ಕೆ ಹೂವೂ ಜಾಸ್ತಿ. ಅದನ್ನು ಉದುರದಂತೆ ಹಿಡಿಯುವುದು ಮುಂದಿನ ಕೆಲಸ. ರಾಯಚೂರು ಕೃಷಿ ವಿಶ್ವವಿದ್ಯಾಲಯ ತಯಾರಿಸಿದ ಪಲ್ಸ್ ಮ್ಯಾಜಿಕ್ ಪುಡಿ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿದರೆ ಸಿಗುತ್ತದೆ. ಲೀಟರ್ ನೀರಿಗೆ 10 ಗ್ರಾಂ, ಹೂವು ಶುರುವಾದಾಗ ಒಂದು ಸಲ, 15 ದಿನ ಬಿಟ್ಟು ಇನ್ನೊಂದು ಸಲ.

ಕಾಯಿಕೊರಕದ ಕೀಡೆಯ ಮೇಲೂ ಆಗ ಕಣ್ಣಿಡಿ. ಪೊದೆಯಾದ ಗಿಡದ ಒಳಗೆ ಔಷಧಿ ಸುಲಭಕ್ಕೆ ಇಳಿಯುವುದಿಲ್ಲ. ಹೊರಗಿನಿಂದ ಚೆನ್ನಾಗಿ ಕಾಣುವ ಗಿಡದ ಒಳಗೆ ಕೀಡೆ ಕೂತಿರುತ್ತದೆ. ನಮ್ಮ ಹಿರಿಯರ ಉಪಾಯ ಇಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಸಾಲಿನ ನಡುವೆ ತಾಡಪತ್ರಿ ಎಳೆದುಕೊಂಡು ಹೋಗುತ್ತಾ ಗಿಡ ಹಿಡಿದು ಅಲ್ಲಾಡಿಸುವುದು, ಬಿದ್ದ ಕೀಡೆಗಳನ್ನು ಆರಿಸುವುದು. ಚಿವುಟಿ ಗಿಡ್ಡ ಮಾಡಿದ ಗಿಡ ಅಲ್ಲಾಡಿಸಲು ಕೈಗೆ ಸರಿಯಾಗಿ ಸಿಗುತ್ತದೆ.

ಎಲ್ಲಿ ಬೇಡ

ಮಸಾರಿ (ಕೆಂಪು ಮಣ್ಣು) ಮತ್ತು ತೆಳು ಮಣ್ಣಿನ ಹೊಲದಲ್ಲಿ ಗಿಡ ತಾನಾಗಿಯೇ ಮೂರು ಅಡಿಗೆ ನಿಲ್ಲುತ್ತದೆ. ಅಲ್ಲಿ ಒಂದು ಸಲಕ್ಕಿಂತ ಹೆಚ್ಚು ಬೇಡ, ಮಳೆ ಕಡಿಮೆ ಇದ್ದರೆ ಒಂದು ಸಲವೂ ಬೇಡ. ಆಲಿಕಲ್ಲು, ಜಿಂಕೆ, ದನದ ಕಾಟಕ್ಕೆ ತುದಿ ಆಗಲೇ ಹೋಗಿದ್ದರೂ ಬೇಡ, ಚಿವುಟುವ ಕೆಲಸ ಮುಗಿದ ಹಾಗೆಯೇ. ಜೋಳ, ಸಜ್ಜೆಗೆ ಈ ವಿದ್ಯೆ ನಡೆಯುವುದಿಲ್ಲ. ಅವುಗಳ ತೆನೆ ಇರುವುದೇ ಆ ಕುಡಿಯೊಳಗೆ.

ಮನೆ ಮುಂದಿನ ಗಿಡಗಳಿಗಾದರೆ ಇದು ಚೆನ್ನಾಗಿ ನಡೆಯುತ್ತದೆ. ಕಡ್ಡಿ ನೆಟ್ಟು ಬೇರು ಬಿಡಿಸಿದ ಸೇವಂತಿಗೆ ನಾಲ್ಕು ವಾರಕ್ಕೆ ತುದಿ ತೆಗೆದರೆ ಒಂದೇ ಕಡ್ಡಿ ನಾಲ್ಕಾಗುತ್ತದೆ. ಚೆಂಡುಹೂವಿಗೂ ಹಾಗೆಯೇ. ನುಗ್ಗೆ ಸಸಿ ಎರಡೂವರೆ ಅಡಿ ಆದಾಗ ತಲೆ ಚಿವುಟಿದರೆ ಕಾಯಿ ಕೈಗೆ ಸಿಗುವ ಎತ್ತರದಲ್ಲೇ ಬಿಡುತ್ತದೆ. ತೊಗರಿಯನ್ನು ನಂಬಲು ಧೈರ್ಯ ಸಾಲದವರು ಮೊದಲು ಅಂಗಳದ ಚೆಂಡುಹೂವಿನಲ್ಲಿ ಮಾಡಿ ನೋಡಬಹುದು.

ನಾಲ್ಕು ಸಾಲು ಹಾಗೇ ಬಿಡಿ

ಮೊದಲ ವರ್ಷ ಇಡೀ ಹೊಲ ಚಿವುಟಬೇಡಿ. ಹೊಲದ ನಡುವೆ, ಒಂದೇ ತರದ ಮಣ್ಣಿರುವ ಕಡೆ ನಾಲ್ಕು ಸಾಲು ಹಾಗೇ ಬಿಡಿ. ಆ ಸಾಲುಗಳ ಎರಡೂ ತುದಿಗೆ ಕೆಂಪು ಬಟ್ಟೆ ಕಟ್ಟಿದ ಗೂಟ ಹುಗಿಯಿರಿ. ಎಳ್ಳಮಾಸಿಗೆ ಚರಗ ಚೆಲ್ಲಲು ಮನೆಮಂದಿಯೆಲ್ಲ ಹೊಲಕ್ಕೆ ಹೋಗುತ್ತೀರಲ್ಲ, ಅವತ್ತು ಎರಡೂ ಕಡೆಯ ಹತ್ತು ಹತ್ತು ಗಿಡದ ರೆಂಬೆ ಎಣಿಸಿ, ಕಾಯಿ ಎಣಿಸಿ. ಮಕ್ಕಳಿಗೆ ಹೇಳಿದರೆ ಖುಷಿಯಿಂದ ಎಣಿಸುತ್ತಾರೆ. ನಾನು ಎಣಿಸಿದ ವರ್ಷ ಕಾಕಾನೂ ಪಕ್ಕದಲ್ಲಿ ಕೂತು ತಮ್ಮ ಪಾಲಿನ ಐದು ಗಿಡ ಎಣಿಸಿದರು. ಎಣಿಸಿ ಮುಗಿಸಿ, "ಮುಂದಿನ ಸಲ ನಮ್ಮ ಹೊಲಕ್ಕೂ ಬಾ, ದಿನ ನೀನೇ ಹೇಳು" ಅಂದರು.

ರಾಶಿ ಮಾಡುವಾಗ ಆ ನಾಲ್ಕು ಸಾಲನ್ನು, ಪಕ್ಕದ ಚಿವುಟಿದ ನಾಲ್ಕು ಸಾಲನ್ನು ಬೇರೆ ಬೇರೆ ಬಡಿದು ಬೇರೆ ಬೇರೆ ತೂಗಿ. ಬಿತ್ತಿದ ದಿನ, ತಳಿ, ಸಾಲಿನ ಅಂತರ, ಚಿವುಟಿದ ದಿನ, ಎರಡೂ ತೂಕ, ಆಳಿನ ಕೂಲಿ ಇಷ್ಟನ್ನು ಒಂದು ಪುಟದಲ್ಲಿ ಬರೆದು ಬೀಜದ ಡಬ್ಬಿಯ ಒಳಗೇ ಇಡಿ. ಮುಂದಿನ ಜೂನ್‌ನಲ್ಲಿ ಬೀಜ ತೆಗೆಯಲು ಡಬ್ಬಿ ತೆರೆದಾಗ ಆ ಚೀಟಿ ಮೊದಲು ಕೈಗೆ ಸಿಗಬೇಕು.